ಪಂಚ್‌ಗೆ ಬಲ ಬರುವುದು ನೆಲದಿಂದ: ಬಾಕ್ಸಿಂಗ್ ಕಲಿಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಜಿಮ್‌ಗೆ ಹೊಸದಾಗಿ ಸೇರಿದ ಹುಡುಗರು ಮೊದಲ ದಿನ ಮಾಡುವುದು ಒಂದೇ ಕೆಲಸ. ಗ್ಲೌಸ್ ಹಾಕಿಕೊಂಡು ಸೀದಾ ದೊಡ್ಡ ಬ್ಯಾಗ್ ಹತ್ತಿರ ಹೋಗಿ, ಹಲ್ಲು ಕಚ್ಚಿ, ಮೈಯಲ್ಲಿರೋ ಶಕ್ತಿಯನ್ನೆಲ್ಲ ಸೇರಿಸಿ ಒಂದು ಗುದ್ದು ಗುದ್ದುತ್ತಾರೆ. ಬ್ಯಾಗ್ ಉಯ್ಯಾಲೆಯ ಹಾಗೆ ಆಚೆ ಹೋಗಿ ಈಚೆ ಬರುತ್ತದೆ. ಯಾರಾದರೂ ನೋಡಿದರಾ ಅಂತ ಹುಡುಗ ಸುತ್ತ ಕಣ್ಣಾಡಿಸುತ್ತಾನೆ. ಪಕ್ಕದ ಬ್ಯಾಗ್‌ನಲ್ಲಿ 50 ಕೆ.ಜಿ. ತೂಕವೂ ಇಲ್ಲದ ಹುಡುಗಿಯೊಬ್ಬಳು ರೈಟ್, ಅಂದರೆ ಬಲಗೈಯ ನೇರ ಪಂಚ್, ಹೊಡೆಯುತ್ತಾಳೆ. ಬ್ಯಾಗ್ ಅಷ್ಟಾಗಿ ಅಲ್ಲಾಡುವುದೇ ಇಲ್ಲ. ಪೆಟ್ಟು ಬಿದ್ದ ಜಾಗದಲ್ಲಿ ಗುಳಿ ಬೀಳುತ್ತದೆ, ಮೇಲಿನ ಚೈನು ಒಮ್ಮೆ ಝಲ್ಲೆಂದು ಸುಮ್ಮನಾಗುತ್ತದೆ.

ಹುಡುಗ ತಳ್ಳಿದ. ಹುಡುಗಿ ಹೊಡೆದಳು. ತಳ್ಳಿದರೆ ಬ್ಯಾಗ್ ಜಾಗ ಬಿಟ್ಟು ಸರಿಯುತ್ತದೆ, ಹೊಡೆದರೆ ಪೆಟ್ಟು ಒಳಗಿಳಿಯುತ್ತದೆ.

‘ಪವರ್ ಹುಟ್ಟಿನಿಂದಲೇ ಬರಬೇಕು, ಕಲಿಸಿದರೆ ಬರಲ್ಲ’ ಅನ್ನೋ ಮಾತು ಎಲ್ಲ ಜಿಮ್‌ಗಳಲ್ಲೂ ಇದೆ. ಸ್ವಲ್ಪ ನಿಜ ಕೂಡ. ಸ್ನಾಯುಗಳು ಎಷ್ಟು ಬೇಗ ಬಿಗಿಯುತ್ತವೆ, ಕೈ ಎಷ್ಟು ಉದ್ದ ಅನ್ನೋದು ಅಪ್ಪ ಅಮ್ಮ ಕೊಟ್ಟದ್ದು. ಆದರೆ ಹೊಸಬರ ತೊಂದರೆ ಅದಲ್ಲ. ಬೋರ್‌ವೆಲ್‌ಗೆ 5 ಎಚ್‌ಪಿ ಮೋಟಾರು ಕೂರಿಸಿ, ಪೈಪಿನ ಜಾಯಿಂಟ್‌ಗಳೆಲ್ಲ ಸೋರುತ್ತಿದ್ದರೆ ತೋಟದ ತುದಿಗೆ ನೀರು ಹೋಗುತ್ತಾ? ಅವರದು ಅದೇ ಕಥೆ. ಕಾಲಿನಲ್ಲಿ ಹುಟ್ಟಿದ ಬಲ ಮಂಡಿ, ಸೊಂಟ, ಹೆಗಲು, ಮೊಣಕೈಗಳಲ್ಲಿ ಸೋರಿ, ಮುಷ್ಟಿಗೆ ಬರುವಷ್ಟರಲ್ಲಿ ಹನಿ ಹನಿಯಾಗಿರುತ್ತದೆ. ಮೋಟಾರು ಬದಲಾಯಿಸುವ ಮುಂಚೆ ಜಾಯಿಂಟ್ ಸರಿ ಮಾಡೋಣ.

1985ರಲ್ಲಿ ಪ್ರಕಟವಾದ ಸೋವಿಯತ್ ಅಧ್ಯಯನವೊಂದು ಬಾಕ್ಸರ್‌ಗಳ ರೈಟ್ ಪಂಚ್‌ನಲ್ಲಿ ಯಾವ ಅಂಗದ ಪಾಲು ಎಷ್ಟು ಅಂತ ಅಳೆದಿತ್ತು. ನುರಿತವರಲ್ಲಿ ಕಾಲಿನ ಪಾಲು ಸುಮಾರು ಶೇ 38, ಕೈಯ ಪಾಲು ಸುಮಾರು ಶೇ 24. ಕೆಳದರ್ಜೆಯ ಬಾಕ್ಸರ್‌ಗಳಲ್ಲಿ ಇದು ಉಲ್ಟಾ: ಕೈ ಶೇ 38ರ ಹತ್ತಿರ, ಕಾಲು ಬರೀ ಶೇ 16–17. ಅದೇ ವರ್ಷ ಬ್ರಿಟನ್ನಿನಲ್ಲಿ ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೋನ ಪಂಚನ್ನು ಪ್ರಯೋಗಾಲಯದಲ್ಲಿ ಅಳೆದರು. ತಾಗುವ ಕ್ಷಣದಲ್ಲಿ ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಅಂದರೆ ಗಂಟೆಗೆ ಸುಮಾರು 32 ಕಿ.ಮೀ. ನಮ್ಮೂರ ರಸ್ತೆಯಲ್ಲಿ ಸ್ಕೂಟಿ ಹೋಗುವ ವೇಗ, ಅಷ್ಟೇ. ಆದರೆ ಹಿಂದೆ ಇಡೀ ಮೈ ಇದ್ದದ್ದರಿಂದ ಆ ಪೆಟ್ಟು ಸುಮಾರು 6 ಕೆ.ಜಿ. ತೂಕದ ಮರದ ಸುತ್ತಿಗೆ ಅದೇ ವೇಗದಲ್ಲಿ ಬಂದು ಬಡಿದ ಹಾಗೆ ಅಂತ ಅವರು ಲೆಕ್ಕ ಹಾಕಿದರು.

ಇಲ್ಲಿ ಬರೆದಿರುವುದೆಲ್ಲ ಬಲಗೈ ಬಳಸುವವರಿಗೆ. ನೀವು ಎಡಚರಾಗಿದ್ದರೆ ಎಡ ಬಲ ಅದಲುಬದಲು ಮಾಡಿಕೊಂಡು ಓದಿ.

ಹಂತ 1: ಮೊದಲು ಕೈ ಕಟ್ಟಿ

ಬಲ ಬೆಳೆಸುವ ಮಾರ್ಗದರ್ಶಿ ಕೈಪಟ್ಟಿಯಿಂದ ಯಾಕೆ ಶುರುವಾಗಬೇಕು? ಕೈ ನೋಯುವ ಭಯ ಇದ್ದರೆ ಮೆದುಳು ನಿಮ್ಮನ್ನು ಜೋರಾಗಿ ಹೊಡೆಯಲು ಬಿಡುವುದೇ ಇಲ್ಲ. ತಾಗುವ ಮುಂಚೆಯೇ ಬ್ರೇಕ್ ಹಾಕಿಬಿಡುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ಶುರು ಮಾಡಿ ಎರಡನೇ ವರ್ಷ. ತಡವಾಗಿತ್ತು ಅಂತ ಪಟ್ಟಿ ಕಟ್ಟದೆ ಬರೀ ಗ್ಲೌಸ್ ಹಾಕಿಕೊಂಡು ಬ್ಯಾಗ್‌ಗೆ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಹೊಡೆಯುವ ಪಂಚ್) ಹೊಡೆದೆ. ಕಿರುಬೆರಳಿನ ಗೆಣ್ಣು ತಾಗಿತು. ‘ಟಕ್’ ಅಂತ ಸಣ್ಣ ಸದ್ದು, ಅಷ್ಟೇ. ಆ ಬೆರಳಿನ ಹಿಂದಿನ ಮೂಳೆ ಮುರಿದಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ‘ಯಾರಿಗಪ್ಪಾ ಹೊಡೆದೆ?’ ಇದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಲೇ ಹೆಸರು. ತಮಾಷೆ ಏನಂದರೆ ಇದು ಕಲಿತ ಬಾಕ್ಸರ್‌ಗಳಿಗಿಂತ ಕೋಪದಲ್ಲಿ ಗೋಡೆಗೆ ಗುದ್ದಿದವರಲ್ಲೇ ಜಾಸ್ತಿ.

ನಾಲ್ಕೂವರೆ ಮೀಟರ್ ಉದ್ದದ ಪಟ್ಟಿ ತಗೊಳ್ಳಿ. ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಕೈಯ ಹಿಂಬದಿಯಿಂದ ತಂದು ಮಣಿಕಟ್ಟಿಗೆ ಮೂರು ಸುತ್ತು. ಆಮೇಲೆ ಗೆಣ್ಣುಗಳ ಮೇಲೆ ಮೂರು ಸುತ್ತು. ಸುತ್ತುವಾಗ ಬೆರಳು ಅಗಲಿಸಿಕೊಂಡೇ ಇರಿ. ಮುದುರಿಕೊಂಡು ಸುತ್ತಿದರೆ ಆಮೇಲೆ ಮುಷ್ಟಿ ಕಟ್ಟಿದಾಗ ಪಟ್ಟಿ ಕೈಯನ್ನು ಹಿಂಡುತ್ತದೆ. ಅಲ್ಲಿಂದ ಬೆರಳುಗಳ ಮಧ್ಯೆ ಒಂದೊಂದು ಸಲ ಹಾಯಿಸಿ ಮಣಿಕಟ್ಟಿಗೆ ತನ್ನಿ. ಹೆಬ್ಬೆರಳಿಗೆ ಒಂದು ಸುತ್ತು ಹಾಕಿ. ಉಳಿದದ್ದನ್ನೆಲ್ಲ ಗೆಣ್ಣು ಮತ್ತು ಮಣಿಕಟ್ಟಿಗೆ ಹಂಚಿ, ಮಣಿಕಟ್ಟಿನಲ್ಲೇ ಅಂಟಿಸಿ ಮುಗಿಸಿ. ಮುಷ್ಟಿ ಕಟ್ಟಿದಾಗ ಬಿಗಿ, ಬಿಚ್ಚಿದಾಗ ಸಡಿಲ ಅನ್ನಿಸಬೇಕು. ಬೆರಳ ತುದಿ ಜುಮ್ಮೆನ್ನುತ್ತಿದ್ದರೆ ಬಿಚ್ಚಿ ಮತ್ತೆ ಕಟ್ಟಿ.

ಹೆಬ್ಬೆರಳು ಯಾವಾಗಲೂ ಮುಷ್ಟಿಯ ಹೊರಗೆ. ತಾಗಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು. ಮೊಣಕೈಯಿಂದ ಆ ಗೆಣ್ಣಿನವರೆಗೆ ಅಡಿಪಟ್ಟಿ ಇಟ್ಟರೆ ಸಪಾಟಾಗಿ ಕೂರಬೇಕು. ಮಣಿಕಟ್ಟು ಬಾಗಿದರೆ ಅದೇ ಕೊನೆಯ ಸೋರಿಕೆ.

ಹಂತ 2: ನಿಲ್ಲುವುದನ್ನು ಕಲಿಯಿರಿ

ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತಿದ್ದೀರಾ? ಡ್ರೈವರ್ ಯಾವಾಗ ಬ್ರೇಕ್ ಒತ್ತುತ್ತಾನೋ ಗೊತ್ತಿಲ್ಲ. ಕಾಲು ತಾನಾಗಿಯೇ ಒಂದು ಮುಂದೆ, ಒಂದು ಹಿಂದೆ ಹೋಗುತ್ತದೆ. ಮಂಡಿ ಸ್ವಲ್ಪ ಬಾಗುತ್ತದೆ. ಬಾಕ್ಸಿಂಗ್‌ನ ನಿಲುವು ಬಹುತೇಕ ಅದೇ.

ಎಡಗಾಲು ಮುಂದೆ, ಬಲಗಾಲು ಹಿಂದೆ. ಎರಡೂ ಒಂದೇ ಗೆರೆಯ ಮೇಲೆ ಬೇಡ, ನಡುವೆ ಹೆಗಲಿನಷ್ಟು ಅಗಲ ಇರಲಿ. ಹಿಂದಿನ ಹಿಮ್ಮಡಿ ನೆಲದಿಂದ ಚೂರು ಮೇಲೆ. ಭಾರ ಎರಡೂ ಕಾಲಿನ ಮೇಲೆ ಹೆಚ್ಚುಕಡಿಮೆ ಸಮ. ಗದ್ದ ಕೆಳಗೆ, ಕೈಗಳು ಕೆನ್ನೆಯ ಹತ್ತಿರ, ಮೊಣಕೈ ಪಕ್ಕೆಗೆ ಅಂಟಿಕೊಂಡ ಹಾಗೆ. ಗೆಳೆಯನಿಗೆ ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ತಳ್ಳಲು ಹೇಳಿ. ಹಿಂದಕ್ಕೆ ಹೆಜ್ಜೆ ಇಡಬೇಕಾಯಿತಾ? ಹಾಗಾದರೆ ಪಂಚ್ ಮಾಡಿದಾಗಲೂ ಅಷ್ಟೇ, ನಿಮ್ಮ ಪೆಟ್ಟೇ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ.

ಹಂತ 3: ರೈಟ್ ಸ್ಟ್ರೈಟ್, ನಿಧಾನವಾಗಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ. ಈ ಒಂದು ಪಂಚ್ ಸರಿಯಾಗಿ ಅರ್ಥವಾದರೆ ಉಳಿದದ್ದೆಲ್ಲ ಅದರ ಅಣ್ಣತಮ್ಮಂದಿರೇ.

ನಾಲ್ಕು ಎಣಿಕೆಯಲ್ಲಿ ಮಾಡಿ. ಕನ್ನಡಿ ಮುಂದೆ, ಗ್ಲೌಸ್ ಇಲ್ಲದೆ, ಆಮೆ ವೇಗದಲ್ಲಿ.

ಒಂದು: ಹಿಂದಿನ ಪಾದದ ಮುಂಭಾಗವನ್ನು ನೆಲಕ್ಕೆ ಒತ್ತಿ ತಿರುಗಿಸಿ. ಬೀಡಿ ತುಂಡನ್ನು ಹೊಸಕುತ್ತೀರಲ್ಲ, ಹಾಗೆ. ಹಿಮ್ಮಡಿ ಹೊರಗೆ ಹೋಗಬೇಕು, ಮಂಡಿ ಒಳಗೆ ಬರಬೇಕು. ಸುಮ್ನೆ ತಿರುಗಿಸಿದರೆ ಸಾಲದು, ನೆಲವನ್ನು ಹಿಂದಕ್ಕೆ ಒದೆಯುತ್ತಿದ್ದೀರಿ ಅನ್ನಿಸಬೇಕು.

ಎರಡು: ಸೊಂಟ ತಿರುಗಲಿ. ಪ್ಯಾಂಟಿನ ಬಲ ಜೇಬು ಎದುರಾಳಿಯ ಕಡೆಗೆ ಬರಬೇಕು. ಕೈ ಇನ್ನೂ ಕೆನ್ನೆಯ ಹತ್ತಿರವೇ ಇದೆ. ಹೊಸಬರು ಎಡವುವುದು ಇಲ್ಲೇ. ಸೊಂಟ ಹೊರಡುವ ಮುಂಚೆ ಕೈ ಹೊರಟುಬಿಟ್ಟಿರುತ್ತದೆ. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿಗೆ ಬಂದ ಹಾಗೆ, ಸೊಂಟದ ಬಲ ಬಂದು ತಲುಪುವಾಗ ಪಂಚ್ ಮುಗಿದಿರುತ್ತದೆ.

ಮೂರು: ಎದೆ ಮತ್ತು ಬಲ ಹೆಗಲು ತಿರುಗಲಿ. ಇದೇ ಹೊತ್ತಿಗೆ ಎಡಭಾಗ ಗಟ್ಟಿಯಾಗಿ ನಿಲ್ಲಬೇಕು. ಎಡಗಾಲು, ಎಡಸೊಂಟ ಬಾಗಿಲಿನ ಕೀಲು ಅಂದುಕೊಳ್ಳಿ, ಬಲಭಾಗ ಬಾಗಿಲು. ಕೀಲು ಸಡಿಲವಾದ ಬಾಗಿಲನ್ನು ಎಷ್ಟು ಜೋರಾಗಿ ತಳ್ಳಿದರೂ ಧಡಾರ್ ಅನ್ನುವುದಿಲ್ಲ.

ನಾಲ್ಕು: ಈಗ ಕೈ. ಮೊಣಕೈ ಕೆಳಗೇ ಇದ್ದು ಮುಷ್ಟಿ ನೇರ ಗೆರೆಯಲ್ಲಿ ಹೋಗಲಿ. ಕೊನೆಯಲ್ಲಿ ಅಂಗೈ ನೆಲ ನೋಡುವಂತೆ ತಿರುಗಲಿ, ಹೆಗಲು ಬಂದು ಗದ್ದಕ್ಕೆ ತಾಗಲಿ. ಹೋದ ದಾರಿಯಲ್ಲೇ ವಾಪಸ್. ಎಡಗೈ ಈ ಹೊತ್ತಿಡೀ ಕೆನ್ನೆ ಬಿಟ್ಟು ಕದಲಬಾರದು.

ಸೋರಿಕೆ ಹುಡುಕಲು ಗೋಡೆಗಿಂತ ಒಳ್ಳೆಯ ಗುರು ಇಲ್ಲ. ನಾಲ್ಕನೇ ಎಣಿಕೆಯ ಭಂಗಿಯಲ್ಲಿ ನಿಂತು, ಮುಷ್ಟಿಯನ್ನು ಗೋಡೆಗೆ ಆನಿಸಿ. ಗುದ್ದಬೇಡಿ, ಆನಿಸಿ ಅಷ್ಟೇ. ಈಗ ಹಿಂದಿನ ಕಾಲಿನಿಂದ ನೆಲ ಒತ್ತುತ್ತಾ ನಿಧಾನವಾಗಿ ಗೋಡೆಯನ್ನು ತಳ್ಳಿ. ಎಲ್ಲಿ ಮೊದಲು ಬಾಗುತ್ತೆ ನೋಡಿ. ಮಣಿಕಟ್ಟು ಮಡಚಿಕೊಂಡಿತಾ? ಮೊಣಕೈ ಕೋಳಿ ರೆಕ್ಕೆಯ ಹಾಗೆ ಹೊರಗೆ ಹೋಯಿತಾ? ಹೆಗಲು ಕಿವಿಗೆ ಏರಿತಾ? ಸೊಂಟ ಹಿಂದೆ ಉಳಿಯಿತಾ? ಬಾಗಿದ ಕಡೆಯೇ ನಿಮ್ಮ ಪೈಪಿನ ತೂತು. ಸರಿ ಮಾಡಿಕೊಂಡು ಮತ್ತೆ ಒತ್ತಿ. ಎಲ್ಲ ಸರಿಯಾದಾಗ ಒಂದು ವಿಚಿತ್ರ ಅನುಭವ ಆಗುತ್ತದೆ: ಮುಷ್ಟಿಯಲ್ಲಿ ಒತ್ತಿದ್ದು ಹಿಮ್ಮಡಿಯಲ್ಲಿ ಗೊತ್ತಾಗುತ್ತದೆ. ದಿನಕ್ಕೆ ಹತ್ತು ಸಲ, ಒಂದೊಂದು ಸಲ ಹತ್ತು ಸೆಕೆಂಡ್ ಮಾಡಿ. ಮಾಡಿಸಿದಾಗ ಎಲ್ಲರೂ ನಗುತ್ತಾರೆ, ಎರಡು ವಾರ ಆದ ಮೇಲೆ ಯಾರೂ ನಗುವುದಿಲ್ಲ.

ಇನ್ನೆರಡು ತಪ್ಪುಗಳನ್ನು ಮೊಬೈಲ್ ವಿಡಿಯೋದಲ್ಲಿ ಪಕ್ಕದಿಂದ ನೋಡಿದರೆ ಕಾಣುತ್ತವೆ. ಮೂಗು ಮುಂದಿನ ಮಂಡಿಯನ್ನು ದಾಟಿ ಹೋಗುವುದು, ಮತ್ತು ಹಿಂದಿನ ಪಾದ ನೆಲ ಬಿಡುವುದು. ಎರಡೂ ‘ಇನ್ನೂ ಜೋರಾಗಿ’ ಅನ್ನುವ ಆಸೆಯಿಂದ ಬರುವಂಥವು. ಪಾದ ನೆಲ ಬಿಟ್ಟರೆ ಮೋಟಾರಿನ ಕರೆಂಟೇ ಹೋದ ಹಾಗೆ.

ಹಂತ 4: ಸಡಿಲವಾಗಿ ಕಳಿಸಿ, ಕೊನೆಯಲ್ಲಿ ಬಿಗಿ

ಚಿಕ್ಕವರಿದ್ದಾಗ ಬುಗುರಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಚಾಟಿಯನ್ನು ಬಿಗಿ ಹಿಡಿದು ಬುಗುರಿಯನ್ನು ನೆಲಕ್ಕೆ ಒತ್ತಿದರೆ ಅದು ತಿರುಗಲ್ಲ. ಕೈ ಸಡಿಲ ಬಿಟ್ಟು ಎಸೆದು, ಸರಿಯಾದ ಕ್ಷಣಕ್ಕೆ ಚಾಟಿಯನ್ನು ಹಿಂದಕ್ಕೆ ಎಳೆಯಬೇಕು. ಪಂಚ್ ಕೂಡ ಹಾಗೇ.

ಸ್ನಾಯು ಬಿಗಿಯಾಗಿದ್ದರೆ ಬಲ ಇದ್ದ ಹಾಗೆ ಅನ್ನಿಸುತ್ತೆ. ನಿಜದಲ್ಲಿ ಅದು ಹ್ಯಾಂಡ್‌ಬ್ರೇಕ್ ಹಾಕಿಕೊಂಡು ಗಾಡಿ ಓಡಿಸುವುದು. ಕೈಯನ್ನು ಮುಂದಕ್ಕೆ ಚಾಚುವ ಸ್ನಾಯು ಒಂದು ಕಡೆ, ಹಿಂದಕ್ಕೆ ಎಳೆಯುವ ಸ್ನಾಯು ಇನ್ನೊಂದು ಕಡೆ. ಎರಡೂ ಒಟ್ಟಿಗೆ ಬಿಗಿದರೆ ಒಂದನ್ನೊಂದು ತಡೆಯುತ್ತವೆ. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು 2010ರಲ್ಲಿ ಪಳಗಿದ ಎಂಎಂಎ (ಬಾಕ್ಸಿಂಗ್, ಕುಸ್ತಿ ಎಲ್ಲ ಬೆರೆತ ಕಾಳಗ) ಫೈಟರ್‌ಗಳ ಸ್ನಾಯುಗಳನ್ನು ಅಳೆದಾಗ ಸಿಕ್ಕಿದ್ದು ಎರಡು ಶಿಖರ. ಹೊರಡುವಾಗ ಒಮ್ಮೆ ಬಿಗಿತ, ದಾರಿಯಲ್ಲಿ ಸಡಿಲ, ತಾಗುವಾಗ ಮತ್ತೆ ಬಿಗಿತ. ಮೊದಲ ಬಿಗಿತ ಮೈಯನ್ನು ಹೊರಡಿಸುತ್ತದೆ. ನಡುವಿನ ಸಡಿಲ ವೇಗ ಕೊಡುತ್ತದೆ. ಕೊನೆಯ ಬಿಗಿತ ಇಡೀ ಮೈಯನ್ನು ಒಂದೇ ಗಟ್ಟಿ ತುಂಡಾಗಿಸಿ ಮುಷ್ಟಿಯ ಹಿಂದೆ ನಿಲ್ಲಿಸುತ್ತದೆ.

ಅಭ್ಯಾಸ ಹೀಗೆ. ಕೈಗಳನ್ನು ನೀರು ಕೊಡವುವ ಹಾಗೆ ಕೊಡವಿ. ಗ್ಲೌಸ್ ಒಳಗೆ ಗುಬ್ಬಿಮರಿ ಇದೆ ಅಂದುಕೊಂಡು ಮುಷ್ಟಿಯನ್ನು ಸಡಿಲ ಹಿಡಿಯಿರಿ. ಜೊತೆಗಾರ ಕೈಯಲ್ಲಿ ಹಿಡಿದ ಪ್ಯಾಡ್‌ಗೆ ತಾಗುವ ಕ್ಷಣ ಮಾತ್ರ ಮುಷ್ಟಿ, ಹೊಟ್ಟೆ, ಹೆಗಲು ಒಟ್ಟಿಗೆ ಬಿಗಿಯಬೇಕು, ಜೊತೆಗೆ ಬಾಯಿಂದ ‘ಉಸ್’ ಅಂತ ಚಿಕ್ಕ ಉಸಿರು. ಉಸಿರು ಹಿಡಿದು ಹೊಡೆದರೆ ಎರಡನೇ ರೌಂಡ್‌ಗೇ ಸುಸ್ತು. ಶೇಕಡ ನೂರರಷ್ಟು ಜೋರು ಬೇಡ, ಎಪ್ಪತ್ತರಷ್ಟು ಹಾಕಿ. ಸದ್ದು ಇನ್ನೂ ಚೆನ್ನಾಗಿ ಬರುವುದನ್ನು ನೀವೇ ಕೇಳುತ್ತೀರಿ.

ಹಂತ 5: ಎಡ ಹುಕ್

1971ರ ಮಾರ್ಚ್ 8. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಹದಿನೈದನೇ ರೌಂಡ್‌ನಲ್ಲಿ ಜೋ ಫ್ರೇಜಿಯರ್‌ನ ಎಡ ಹುಕ್ ಮಹಮ್ಮದ್ ಅಲಿಯನ್ನು ನೆಲಕ್ಕೆ ಕೆಡವಿತು. ಆ ತುಣುಕು ಈಗಲೂ ಸಿಗುತ್ತದೆ. ನೋಡುವಾಗ ಫ್ರೇಜಿಯರ್‌ನ ಕೈ ನೋಡಬೇಡಿ, ಕಾಲು ನೋಡಿ. ಇಡೀ ಮನುಷ್ಯ ನೆಲದಿಂದ ಎದ್ದು ಬಂದ ಹಾಗಿದೆ. ಹುಡುಗನಾಗಿದ್ದಾಗ ಹಂದಿಯೊಂದು ಅಟ್ಟಿಸಿಕೊಂಡು ಬಂದಾಗ ಬಿದ್ದು ಪೆಟ್ಟಾದ ಅವನ ಎಡಗೈ ಸರಿಯಾಗಿ ಕೂಡಿಕೊಳ್ಳದೆ, ಪೂರ್ತಿ ನೆಟ್ಟಗಾಗುತ್ತಲೇ ಇರಲಿಲ್ಲವಂತೆ. ಹುಕ್‌ಗೆ ಬೇಕಾದ ಬಾಗು ಕೈಯಲ್ಲೇ ಇತ್ತು!

ಹುಕ್‌ನ ಗುಟ್ಟು ಏನಂದರೆ ಕೈ ಬೀಸುವುದೇ ಇಲ್ಲ. ಮೊಣಕೈ ಹೆಚ್ಚುಕಡಿಮೆ 90 ಡಿಗ್ರಿ ಬಾಗಿ, ಮುಷ್ಟಿಯ ಮಟ್ಟಕ್ಕೆ ಏರಿ, ಅಲ್ಲೇ ಲಾಕ್ ಆಗುತ್ತದೆ. ತಿರುಗುವುದು ಎಡಪಾದ, ಎಡಸೊಂಟ, ಎದೆ. ಕೈ ಅವುಗಳಿಗೆ ಅಂಟಿಸಿದ ಕೊಕ್ಕೆ ಮಾತ್ರ. ಹೊರಡುವ ಮುಂಚೆ ಭಾರ ಎಡಗಾಲಿನ ಮೇಲಿರಬೇಕು, ಮುಗಿಯುವಾಗ ಬಲಗಾಲಿಗೆ ಬಂದಿರಬೇಕು. ಅದಕ್ಕೇ ರೈಟ್ ಆದ ಮೇಲೆ ಹುಕ್ ಅಷ್ಟು ಸಲೀಸು. ರೈಟ್ ಹೊಡೆದು ಮುಗಿಸಿದಾಗ ಭಾರ ತಾನಾಗಿಯೇ ಎಡಗಾಲಿಗೆ ಬಂದು ನಿಂತಿರುತ್ತದೆ, ಸ್ಪ್ರಿಂಗ್ ಒತ್ತಿಟ್ಟ ಹಾಗೆ.

ಅಭ್ಯಾಸಕ್ಕೆ ಬ್ಯಾಗ್‌ಗೆ ತೀರ ಹತ್ತಿರ ನಿಲ್ಲಿ. ಮುಷ್ಟಿಯನ್ನು ಮೊದಲೇ ಬ್ಯಾಗ್‌ಗೆ ಆನಿಸಿಡಿ. ಅಲ್ಲಿಂದ ಕೈ ಹಿಂದೆ ತೆಗೆಯದೆ ಬರೀ ಸೊಂಟ ತಿರುಗಿಸಿ ಬ್ಯಾಗ್ ಅಲ್ಲಾಡಿಸಿ. ಆಮೇಲೆ ನಾಲ್ಕು ಇಂಚು ದೂರದಿಂದ, ಆಮೇಲೆ ಎಂಟು ಇಂಚು. ಕೈ ಹಿಂದಕ್ಕೆ ಎಳೆದು ಬೀಸುವ ಚಟ ಹೀಗೆ ಬಿಡುತ್ತದೆ.

ಇದೇ ಹುಕ್ ಕೆಳಗಿಳಿದು ಎದುರಾಳಿಯ ಬಲ ಪಕ್ಕೆಯ ಕೆಳಗೆ ಲಿವರ್‌ಗೆ ಬಿದ್ದರೆ ಏನಾಗುತ್ತೆ ಅಂತ ತಿಂದವರೇ ಹೇಳಬೇಕು. ಒಂದು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ಕಾಲು ಮಾತು ಕೇಳುವುದಿಲ್ಲ. ಹಾಗೆ ಹೊಡೆಯಲು ಮಂಡಿ ಬಗ್ಗಿಸಿ ಇಳಿಯಿರಿ, ಬೆನ್ನು ಬಗ್ಗಿಸಬೇಡಿ.

ಹಂತ 6: ಜಾಬ್‌ಗೂ ತೂಕ ಬೇಕು

ಜಾಬ್, ಅಂದರೆ ಮುಂದಿರುವ ಎಡಗೈಯ ನೇರ ಪಂಚ್, ಸುಮ್ನೆ ಮುಟ್ಟಿ ಬರುವುದು ಅಂತ ತುಂಬಾ ಜನ ತಿಳಿದಿದ್ದಾರೆ. 1919ರ ಜುಲೈ 4ರಂದು ಜಾಕ್ ಡೆಂಪ್ಸಿ ತನಗಿಂತ ಸುಮಾರು 25 ಕೆ.ಜಿ. ಜಾಸ್ತಿ ತೂಗುತ್ತಿದ್ದ ಜೆಸ್ ವಿಲ್ಲರ್ಡ್‌ನನ್ನು ಮೊದಲ ರೌಂಡ್‌ನಲ್ಲೇ ಏಳು ಸಲ ನೆಲಕ್ಕೆ ಕೆಡವಿ ಹೆವಿವೇಟ್ ಚಾಂಪಿಯನ್ ಆದ. ಜಾಬ್ ಬಗ್ಗೆ ಅವನ ಪಾಠ ಸರಳ: ಬೀಳುತ್ತಾ ಹೊಡೆ. ಮುಂದಿನ ಕಾಲನ್ನು ಎತ್ತಿ, ಮೈ ಮುಂದಕ್ಕೆ ಬೀಳಲು ಶುರುವಾದಾಗ, ಆ ಪಾದ ನೆಲ ಮುಟ್ಟುವ ಮುಂಚೆ ಜಾಬ್ ತಾಗಬೇಕು. ಪಾದ ಮೊದಲು ನೆಲಕ್ಕೆ ಬಂದರೆ ನಿಮ್ಮ ತೂಕ ಭೂಮಿತಾಯಿಗೆ ಹೋಯಿತು. ಕಾಲಿಗೂ ಕೈಗೂ ನಡುವಿನ ಈ ಕ್ಷಣವನ್ನು ಹಿಡಿಯಲು ತಿಂಗಳು ಬೇಕಾಗಬಹುದು.

ಅಂದಹಾಗೆ ಡೆಂಪ್ಸಿ ನಂಬಿದ್ದು ಕಿರುಬೆರಳಿನ ಕಡೆಯ ಮೂರು ಗೆಣ್ಣುಗಳನ್ನು. ಅವನು ಡೆಂಪ್ಸಿ. ನಾವು ಮೊದಲೆರಡು ಗೆಣ್ಣಿಗೇ ಇರೋಣ. ನನ್ನ ಎಕ್ಸ್‌ರೇ ಇನ್ನೂ ಮನೆಯಲ್ಲಿದೆ.

ಹಂತ 7: ಬ್ಯಾಗ್ ಜೊತೆ ಕೆಲಸ

ಬ್ಯಾಗ್‌ನ ತೂಕ ನಿಮ್ಮ ತೂಕದ ಅರ್ಧದಷ್ಟಿರಲಿ ಅನ್ನುವುದು ವಾಡಿಕೆಯ ಲೆಕ್ಕ. 70 ಕೆ.ಜಿ. ಇದ್ದರೆ 35 ಕೆ.ಜಿ. ಬ್ಯಾಗ್. ಗ್ಲೌಸ್ 12ರಿಂದ 14 ಔನ್ಸ್.

ಬಲಕ್ಕಾಗಿ ಹೊಡೆಯುವ ರೌಂಡ್ ಬೇರೆ, ದಮ್ಮಿಗಾಗಿ ಹೊಡೆಯುವ ರೌಂಡ್ ಬೇರೆ. ಎರಡನ್ನೂ ಕಲಸಿಬಿಟ್ಟರೆ ಎರಡೂ ಬರುವುದಿಲ್ಲ. ಬಲದ ರೌಂಡ್‌ನಲ್ಲಿ ಒಂದು ಅಥವಾ ಎರಡು ಪಂಚ್ ಮಾತ್ರ, ಪೂರ್ತಿ ಮನಸ್ಸಿಟ್ಟು. ಆಮೇಲೆ ನಾಲ್ಕೈದು ಸೆಕೆಂಡ್ ಓಡಾಡಿ, ಕೈ ಕೊಡವಿ, ಮತ್ತೆ ನಿಂತು ಮತ್ತೊಂದು. ಮೂರು ನಿಮಿಷದಲ್ಲಿ 30 ಪಂಚ್ ಆದರೆ ಸಾಕು. ಸುಸ್ತಾದ ಮೈ ಬಲ ಕಲಿಯುವುದಿಲ್ಲ, ತಳ್ಳುವುದನ್ನು ಕಲಿಯುತ್ತದೆ. ಹಾಗಾಗಿ ಈ ರೌಂಡ್‌ಗಳು ಅಭ್ಯಾಸದ ಶುರುವಿನಲ್ಲಿರಲಿ.

ದೂರ ನೋಡಿಕೊಳ್ಳಿ. ಕೈ ಪೂರ್ತಿ ಚಾಚಿದಾಗ ಗೆಣ್ಣು ಬ್ಯಾಗ್‌ನ ಮೇಲ್ಮೈಯನ್ನಲ್ಲ, ಎರಡು ಮೂರು ಇಂಚು ಒಳಗನ್ನು ಮುಟ್ಟುವಂತಿರಬೇಕು. ತಾಗಿದ ತಕ್ಷಣ ಕೈ ವಾಪಸ್. ಅಲ್ಲೇ ಉಳಿದರೆ ಅದು ತಳ್ಳುವುದು. ಬ್ಯಾಗ್ ನಿಮ್ಮ ಕಡೆ ತೂಗಿ ಬರುವಾಗ ಹೊಡೆದರೆ ಸದ್ದು ಭರ್ಜರಿ, ಆದರೆ ಹೊಸಬರ ಮಣಿಕಟ್ಟಿಗೆ ಅದು ಒಳ್ಳೆಯದಲ್ಲ. ಬ್ಯಾಗ್ ನಿಂತಾಗ ಅಥವಾ ಆಚೆ ಹೋಗಲು ಶುರುವಾದಾಗ ಹೊಡೆಯಿರಿ. ಕೇಳಿಸಬೇಕಾದದ್ದು ‘ಧಪ್’. ‘ಚಟ್’ ಅಂದರೆ ಬರೀ ಚರ್ಮಕ್ಕೆ ಬಡಿದಿರಿ, ‘ಗುಂಯ್’ ಅಂದರೆ ತಳ್ಳಿದಿರಿ.

ಹಂತ 8: ಈಗ ಮೋಟಾರು ದೊಡ್ಡದು ಮಾಡಿ

ಜಾಯಿಂಟ್‌ಗಳು ಸರಿಯಾದವು ಅಂದುಕೊಳ್ಳೋಣ. ಈಗ ಶಕ್ತಿ ಬೆಳೆಸಿದರೆ ಅದು ಮುಷ್ಟಿಗೆ ಬಂದು ಸೇರುತ್ತದೆ.

ಮೊದಲ ಎರಡು ತಿಂಗಳು ಕಬ್ಬಿಣ ಬೇಡ. ಬಸ್ಕಿ, ದಂಡ, ಸ್ಕಿಪ್ಪಿಂಗ್ ಸಾಕು. ನಮ್ಮ ಗರಡಿಮನೆಗಳ ಪೈಲ್ವಾನರು ಇದನ್ನೇ ತಾನೇ ಮಾಡಿಕೊಂಡು ಬಂದದ್ದು? ಅವರು ಗದೆ ತಿರುಗಿಸುವುದನ್ನು ನೋಡಿ. ಹೊರನೋಟಕ್ಕೆ ಅದು ತೋಳಿನ ಕಸರತ್ತು. ಹತ್ತಿರದಿಂದ ನೋಡಿದರೆ ಸೊಂಟ ಮತ್ತು ಪಕ್ಕೆ ಕೆಲಸ ಮಾಡುತ್ತಿರುತ್ತವೆ, ತೋಳು ಜೊತೆಗೆ ಹೋಗುತ್ತಿರುತ್ತದೆ. ಹಳೆಯ ಲಾರಿ ಟೈರ್ ಮೇಲೆ ದೊಡ್ಡ ಸುತ್ತಿಗೆ ಬೀಸುವುದೂ ಇದೇ ಜಾತಿಯದು, ಎರಡೂ ಕಡೆಯಿಂದ ಸಮನಾಗಿ ಬೀಸಿ.

ಅದಾದ ಮೇಲೆ ಬಾರ್‌ಬೆಲ್. ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್, ಗೊತ್ತಿರುವವರ ಎದುರಿಗೆ. ಮೂರರಿಂದ ನಾಲ್ಕು ಸೆಟ್, ಸೆಟ್‌ಗೆ ನಾಲ್ಕೈದು ಸಲ, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ಸುಸ್ತಾಗಿ ಬೀಳುವವರೆಗೆ ಮಾಡುವುದು ಬೇಡ. ಕೊನೆಯ ಒಂದೆರಡು ಬಾಕಿ ಇರುವಾಗಲೇ ಬಾರ್ ಇಳಿಸಿ.

ಆದರೆ ಬರೀ ಭಾರ ಎತ್ತಿದರೆ ಬಲ ನಿಧಾನವಾಗಿ ಬರುವುದನ್ನು ಕಲಿಯುತ್ತದೆ. ಪಂಚ್‌ಗೆ ಸಿಗುವ ಸಮಯ ಸೆಕೆಂಡಿನ ಒಂದು ಸಣ್ಣ ಚೂರು. ಅಷ್ಟರಲ್ಲಿ ಎಷ್ಟು ಬಲ ಬಂತು ಅನ್ನೋದೇ ಲೆಕ್ಕ. ಅದಕ್ಕೆ ನನ್ನ ಆಯ್ಕೆ ಮೆಡಿಸಿನ್ ಬಾಲ್. ಮೂರು ನಾಲ್ಕು ಕೆ.ಜಿ. ಚೆಂಡು, ಗಟ್ಟಿ ಗೋಡೆ. ಪಂಚ್ ನಿಲುವಿನಲ್ಲೇ ನಿಂತು, ಹಿಂದಿನ ಕಾಲು ತಿರುಗಿಸಿ, ಎದೆಯ ಹತ್ತಿರದಿಂದ ಗೋಡೆಗೆ ಎಸೆಯಿರಿ. ಐದು ಎಸೆತ, ವಿಶ್ರಾಂತಿ, ಹೀಗೆ ನಾಲ್ಕು ಸಲ, ಎರಡೂ ಕಡೆಗೆ. ಜೊತೆಗೆ ನಿಂತಲ್ಲಿಂದ ಮೇಲಕ್ಕೆ ಜಿಗಿತ, ಕೈ ನೆಲ ಬಿಟ್ಟೇಳುವ ಪುಶ್‌ಅಪ್.

ಡಂಬೆಲ್ ಹಿಡಿದು ಶ್ಯಾಡೋ ಬಾಕ್ಸಿಂಗ್ (ಎದುರಾಳಿ ಇಲ್ಲದೆ ಗಾಳಿಯಲ್ಲಿ ಹೊಡೆಯುವ ಅಭ್ಯಾಸ) ಮಾಡುವವರಿಗೆ ಒಂದು ಮಾತು. ಡಂಬೆಲ್ ನಿಮ್ಮ ಕೈಯನ್ನು ಕೆಳಕ್ಕೆ ಎಳೆಯುತ್ತದೆ, ಪಂಚ್ ಹೋಗುವುದು ಮುಂದಕ್ಕೆ. ಹೆಗಲು ನೋಯುತ್ತದೆ, ಗೆರೆ ಕೆಡುತ್ತದೆ, ಬಲ ಬರುವುದಿಲ್ಲ. ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತೆ, ಅಷ್ಟೇ. ಇನ್ನು ತೂಕ ಹೆಚ್ಚಿಸಿಕೊಂಡರೆ ಪಂಚ್ ಭಾರವಾಗುತ್ತೆ ಅನ್ನುವವರು ಇದ್ದಾರೆ. ಹೌದು, ಆಗುತ್ತೆ. ಆದರೆ ಸ್ಪರ್ಧೆ ತೂಕದ ವರ್ಗದಲ್ಲಿ ನಡೆಯುತ್ತದೆ, ಆಗ ಎದುರಿಗೆ ಬರುವವನೂ ಅಷ್ಟೇ ದಪ್ಪ ಇರುತ್ತಾನೆ.

ಹಂತ 9: ಕಾಣದ ಪಂಚ್

2012ರ ಡಿಸೆಂಬರ್ 8, ಲಾಸ್ ವೇಗಸ್. ಆರನೇ ರೌಂಡ್ ಮುಗಿಯಲು ಇನ್ನು ಒಂದೇ ಸೆಕೆಂಡ್. ಮ್ಯಾನಿ ಪಾಕಿಯಾವೊ ನುಗ್ಗಿ ಬಂದ. ಹ್ವಾನ್ ಮ್ಯಾನುಯೆಲ್ ಮಾರ್ಕೆಸ್ ದೊಡ್ಡದಾಗಿ ಏನೂ ಬೀಸಲಿಲ್ಲ. ಒಂದು ಚಿಕ್ಕ ರೈಟ್. ಪಾಕಿಯಾವೊ ಮುಖಡಿ ಬಿದ್ದವನು ಏಳಲಿಲ್ಲ. ಬಲದ ಒಂದು ಪಾಲು ಮಾರ್ಕೆಸ್‌ನದು, ಇನ್ನೊಂದು ಪಾಲು ಪಾಕಿಯಾವೊ ತಾನೇ ತಂದುಕೊಟ್ಟದ್ದು. ಎದುರಿನಿಂದ ಬರುವ ಲಾರಿಗೆ ಗುದ್ದುವುದಕ್ಕೂ ನಿಂತ ಲಾರಿಗೆ ಗುದ್ದುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

1994ರ ನವೆಂಬರ್ 5ರಂದು 45 ವರ್ಷದ ಜಾರ್ಜ್ ಫೋರ್‌ಮನ್ ಒಂಬತ್ತು ರೌಂಡ್ ಪೆಟ್ಟು ತಿಂದು, ಅಂಕಗಳಲ್ಲಿ ಹಿಂದೆ ಬಿದ್ದು, ಹತ್ತನೇ ರೌಂಡ್‌ನಲ್ಲಿ ಚಿಕ್ಕದೊಂದು ರೈಟ್‌ನಿಂದ ಮೈಕೆಲ್ ಮೂರರ್‌ನನ್ನು ಮಲಗಿಸಿದ. ಕಾಣುವ ಪಂಚ್‌ಗೆ ಮೈ ತಯಾರಾಗುತ್ತದೆ: ಕುತ್ತಿಗೆ ಬಿಗಿಯುತ್ತದೆ, ಗದ್ದ ಒಳಗೆ ಹೋಗುತ್ತದೆ. ಕಾಣದ್ದಕ್ಕೆ ಇದು ಯಾವುದೂ ಆಗುವುದಿಲ್ಲ.

ಅಭ್ಯಾಸ: ಪ್ಯಾಡ್ ಹಿಡಿದವರ ಮುಂದೆ ಜಾಬ್, ಜಾಬ್, ರೈಟ್ ಅನ್ನು ಒಂದೇ ತಾಳದಲ್ಲಿ ಹತ್ತು ಸಲ ಹೊಡೆಯಿರಿ. ಆಮೇಲೆ ತಾಳ ಮುರಿಯಿರಿ. ಎರಡನೇ ಜಾಬ್ ಹೊಡೆದು ಅರ್ಧ ಕ್ಷಣ ನಿಲ್ಲಿ, ಆಮೇಲೆ ರೈಟ್. ಅಥವಾ ಎರಡನೇ ಜಾಬ್ ಅನ್ನು ಅರ್ಧಕ್ಕೇ ಬಿಟ್ಟು ರೈಟ್. ಪ್ಯಾಡ್ ಹಿಡಿದವರು ತಬ್ಬಿಬ್ಬಾದರೆ ಸರಿಯಾಗಿದೆ ಅಂತ ಅರ್ಥ. ಹೊಡೆಯುವ ಮುಂಚೆ ಕೈ ಕೆಳಗೆ ಬಿಡುವುದು, ಹುಬ್ಬೇರಿಸುವುದು, ಜೋರಾಗಿ ಉಸಿರೆಳೆಯುವುದು ಇವೆಲ್ಲ ಮುಂಚೆಯೇ ಕಾಗದ ಬರೆದು ತಿಳಿಸಿದ ಹಾಗೆ. ಇದಕ್ಕೂ ಮೊಬೈಲ್ ವಿಡಿಯೋವೇ ಮದ್ದು.

ವಾರದ ಲೆಕ್ಕ

ನಾನು ಹೊಸಬರಿಗೆ ಹೇಳುವುದು ಇಷ್ಟು. ಸೋಮವಾರ ಮತ್ತು ಗುರುವಾರ ಗೋಡೆ ಅಭ್ಯಾಸ, ನಾಲ್ಕು ಎಣಿಕೆ, ಆಮೇಲೆ ಮೂರು ನಿಮಿಷದ ನಾಲ್ಕು ಬಲದ ರೌಂಡ್. ಮಂಗಳವಾರ ಮತ್ತು ಶುಕ್ರವಾರ ಕಾಲಿನ ಶಕ್ತಿ, ಮೆಡಿಸಿನ್ ಬಾಲ್, ಜಿಗಿತ. ಬುಧವಾರ ಪ್ಯಾಡ್ ಮತ್ತು ಹಗುರ ಓಟ. ಶನಿವಾರ ಹಗುರ ಸ್ಪಾರಿಂಗ್, ಅಂದರೆ ಜೊತೆಗಾರನೊಂದಿಗೆ ಅಭ್ಯಾಸದ ಕಾದಾಟ. ಭಾನುವಾರ ಏನೂ ಬೇಡ, ಮಲಗಿ. ಆರರಿಂದ ಎಂಟು ವಾರ ಹೀಗೆ ನಡೆಸಿ, ಆಮೇಲೆ ಒಂದು ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿ ಹಳೆಯದರ ಪಕ್ಕ ನೋಡಿ.

ಮೂರು ವಿಷಯಕ್ಕೆ ಹಟ ಮಾಡಬೇಡಿ. ಗೆಣ್ಣು ಅಥವಾ ಮಣಿಕಟ್ಟು ಮಾರನೇ ದಿನವೂ ನೋಯುತ್ತಿದ್ದರೆ ಬ್ಯಾಗ್ ಮುಟ್ಟಬೇಡಿ, ಶ್ಯಾಡೋ ಮಾಡಿ. ಮೊಣಕೈ ಒಳಗೆ ಚುಚ್ಚುತ್ತಿದ್ದರೆ ಗಾಳಿಯಲ್ಲಿ ಜೋರಾಗಿ ಕೈ ಚಾಚುವುದನ್ನು ನಿಲ್ಲಿಸಿ. ಸ್ಪಾರಿಂಗ್‌ನಲ್ಲಿ ತಲೆಗೆ ಪೆಟ್ಟಾಗಿ ತಲೆನೋವು, ವಾಂತಿ, ಮಂಪರು ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ, ಅವರು ಹೇಳುವವರೆಗೆ ರಿಂಗ್ ಹತ್ತಬೇಡಿ. ಸ್ಪಾರಿಂಗ್‌ಗೆ 16 ಔನ್ಸ್ ಗ್ಲೌಸ್, ಹಲ್ಲಿಗೆ ಗಾರ್ಡ್. ಕಲಿತ ಬಲವನ್ನು ಜೊತೆಗಾರನ ಮೇಲೆ ಪರೀಕ್ಷೆ ಮಾಡಬೇಡಿ. ಅವನು ಮುಂದಿನ ವಾರ ಬರದಿದ್ದರೆ ನೀವು ಯಾರ ಜೊತೆ ಆಡುತ್ತೀರಿ?

ಮನೆಗೆ ಹೋದ ಮೇಲೆ ಗ್ಲೌಸ್ ಒಳಗೆ ಹಳೆಯ ಪೇಪರ್ ತುರುಕಿ ಗಾಳಿಗಿಡಿ. ಕೈಪಟ್ಟಿಯನ್ನು ಅವತ್ತೇ ಒಗೆದು ಹಗ್ಗಕ್ಕೆ ಹಾಕಿ. ಎರಡು ದಿನ ಜಿಮ್‌ಗೆ ಒಯ್ಯುವ ಚೀಲದಲ್ಲೇ ಬಿಟ್ಟರೆ ಅದರ ವಾಸನೆ ನಿಮ್ಮ ರೈಟ್‌ಗಿಂತ ಜೋರಾಗಿ ಹೊಡೆಯುತ್ತದೆ.